ತಾಯಿಯ ತಪ್ಪೂ ಅಲ್ಲ, ಮನೆತನದ ಶಾಪವೂ ಅಲ್ಲ

ಮೈಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ನಾಯಂಡಹಳ್ಳಿಯಲ್ಲಿ ಒಂದು ಲಿಂಗಾಯತ ಕುಟುಂಬವಿದೆಯೆಂದು ಕಲ್ಪಿಸಿಕೊಳ್ಳೋಣ. ಮನೆಯ ಯಜಮಾನರಿಗೆ 68 ವರ್ಷ. ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಈಚೆಗೆ ಎರಡು ವರ್ಷಗಳಿಂದ ನೀರಿನ ಲೋಟ ಹಿಡಿದರೆ ಕೈ ನಡುಗುತ್ತದೆ. ನಡೆಯುವಾಗ ಆಯ ತಪ್ಪಿದಂತಾಗುತ್ತದೆ. ಹಿರಿಯ ಮಗಳನ್ನು ಮಂಡ್ಯಕ್ಕೆ ಕೊಟ್ಟಿದ್ದಾರೆ. ಆಕೆಯ ಆರು ವರ್ಷದ ಮಗನಿಗೆ ಮಾತು ತಡವಾಗಿ ಬಂತು. ಎದುರಿಗಿರುವವರ ಕಣ್ಣನ್ನು ಆತ ನೋಡುವುದಿಲ್ಲ. ಸಂತೋಷವಾದರೂ ಗಾಬರಿಯಾದರೂ ಎರಡೂ ಕೈಗಳನ್ನು ರೆಕ್ಕೆಯಂತೆ ಬಡಿಯುತ್ತಾನೆ. ಕಿರಿಯ ಮಗಳು ತುಮಕೂರಿನ ಸೊಸೆ. ಮೂವತ್ತಾರನೆಯ ವಯಸ್ಸಿಗೇ ಆಕೆಯ ಮುಟ್ಟು ನಿಂತಿದೆ. ಮಕ್ಕಳಾಗಿಲ್ಲವೆಂಬ ಕೊರಗು ಬೇರೆ.

ತಾತ ನರರೋಗದ ವೈದ್ಯರಲ್ಲಿಗೆ ಹೋಗುತ್ತಾರೆ. ಮೊಮ್ಮಗನನ್ನು ಮಕ್ಕಳ ವೈದ್ಯರು ನೋಡುತ್ತಾರೆ. ಕಿರಿಯ ಮಗಳು ಸ್ತ್ರೀರೋಗ ತಜ್ಞರ ಬಾಗಿಲಲ್ಲಿ ಕಾಯುತ್ತಾಳೆ. ಮೂರು ಊರು, ಮೂರು ಆಸ್ಪತ್ರೆ, ಮೂರು ಕಡತ. ಈ ಮೂರು ಕಡತಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ನೋಡಿದವರು ಯಾರೂ ಇಲ್ಲ. ನೋಡಿದ್ದರೆ, ಮೂವರ ತೊಂದರೆಗೂ ಒಂದೇ ಮೂಲವಿರಬಹುದೆಂಬ ಅನುಮಾನ ಅನುಭವಿ ವೈದ್ಯರಿಗೆ ಖಂಡಿತ ಬರುತ್ತಿತ್ತು. ಆ ಮೂಲದ ಹೆಸರು ಎಫ್.ಎಂ.ಆರ್.-1 ಎಂಬ ವಂಶವಾಹಿ. ಮಗುವಿನಲ್ಲಿ ಅದರಿಂದುಂಟಾಗುವ ಸ್ಥಿತಿಗೆ ಫ್ರಜೈಲ್ ಎಕ್ಸ್ ಸಿಂಡ್ರೋಮ್ ಎನ್ನುತ್ತಾರೆ.

ವಂಶಪಾರಂಪರ್ಯವಾಗಿ ಬರುವ ಬುದ್ಧಿಮಾಂದ್ಯಕ್ಕೆ ಜಗತ್ತಿನಲ್ಲಿ ಅತಿ ಸಾಮಾನ್ಯವಾದ ಕಾರಣ ಇದೇ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ವಿವಿಧ ದೇಶಗಳ ಅಧ್ಯಯನಗಳ ಅಂದಾಜಿನಂತೆ ಸುಮಾರು 4000ದಿಂದ 7000 ಗಂಡುಮಕ್ಕಳಲ್ಲಿ ಒಬ್ಬನಿಗೆ ಇದು ಇರುತ್ತದೆ. ಹೀಗಿದ್ದೂ ನಮ್ಮ ಮನೆಗಳಲ್ಲಿ ಈ ಹೆಸರನ್ನು ಕೇಳಿದವರು ವಿರಳ. ಹೆಸರು ತಿಳಿಯದ ಕಡೆ ಬೇರೆ ಬೇರೆ ಕಾರಣಗಳು ಹುಟ್ಟಿಕೊಳ್ಳುತ್ತವೆ. ಬಸುರಿಯಲ್ಲಿ ತಾಯಿ ಏನೋ ತಿಂದಳು ಎನ್ನುತ್ತಾರೆ. ಗ್ರಹಣದ ದಿನ ಹೊರಗೆ ಬಂದಳು ಎನ್ನುತ್ತಾರೆ. ಹರಕೆ ತೀರಿಸಲಿಲ್ಲ, ಮನೆತನಕ್ಕೆ ಶಾಪವಿದೆ ಎನ್ನುತ್ತಾರೆ. ಎಲ್ಲ ಮಾತುಗಳೂ ಸುತ್ತಿ ಸುಳಿದು ಕೊನೆಗೆ ಸೊಸೆಯ ತಲೆಯ ಮೇಲೆಯೇ ಬಂದು ನಿಲ್ಲುತ್ತವೆ. ಆದ್ದರಿಂದ ಈ ವಿಷಯವನ್ನು ವಿಜ್ಞಾನದ ಬೆಳಕಿನಲ್ಲಿ ಸ್ವಲ್ಪ ವಿವರವಾಗಿಯೇ ಓದುಗರ ಮುಂದಿಡಬೇಕೆಂದು ನಮಗೆ ತೋರಿದೆ.

ದಾಸೋಹದ ಮನೆಯ ಚೀಟಿಗಳು

ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲಿಯೂ 46 ವರ್ಣತಂತುಗಳಿದ್ದು, ಅವುಗಳಲ್ಲಿ ದೇಹವನ್ನು ಕಟ್ಟಿ ನಡೆಸುವ ಸೂಚನೆಗಳೆಲ್ಲ ಡಿ.ಎನ್.ಎ. ಎಂಬ ಅಕ್ಷರಮಾಲೆಯಲ್ಲಿ ಬರೆಯಲ್ಪಟ್ಟಿವೆ. ಒಂದೊಂದು ಸೂಚನೆಯೂ ಒಂದೊಂದು ವಂಶವಾಹಿ. ವಂಶವಾಹಿಗಳು ತಮ್ಮ ಕೆಲಸವನ್ನು ಬಹುಮಟ್ಟಿಗೆ ಪ್ರೋಟೀನುಗಳ ಮೂಲಕ ಮಾಡಿಸುತ್ತವೆ. ಇದು ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯಲು ನಮ್ಮ ಮಠಗಳ ದಾಸೋಹದ ಮನೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು.

ಅಡುಗೆಯ ಕ್ರಮವನ್ನೆಲ್ಲ ಬರೆದಿಟ್ಟ ಮೂಲ ಪುಸ್ತಕ ಮಠದ ಕಚೇರಿಯಲ್ಲಿ ಭದ್ರವಾಗಿರುತ್ತದೆ. ಅದು ಹೊರಗೆ ಬರುವುದಿಲ್ಲ. ಬೇಕಾದ ಪುಟವನ್ನು ಚೀಟಿಯಲ್ಲಿ ನಕಲು ಮಾಡಿ ಅಡುಗೆಮನೆಗೆ ಕಳುಹಿಸುತ್ತಾರೆ. ಬಾಣಸಿಗರು ಚೀಟಿಯನ್ನು ಓದಿ ಅಡುಗೆ ಮಾಡುತ್ತಾರೆ. ಮೂಲ ಪುಸ್ತಕವೇ ಡಿ.ಎನ್.ಎ.; ಚೀಟಿಯೇ ಆರ್.ಎನ್.ಎ.; ಬಾಣಸಿಗರೇ ಜೀವಕೋಶದೊಳಗಿನ ರೈಬೋಸೋಮುಗಳು; ಸಿದ್ಧವಾದ ಅಡುಗೆಯೇ ಪ್ರೋಟೀನು. ಚೀಟಿಯಲ್ಲಿನ ಬರಹ ಅಡುಗೆಯಾಗುವ ಈ ಹಂತವನ್ನು ವಿಜ್ಞಾನಿಗಳು ಅನುವಾದ ಎಂದು ಕರೆಯುತ್ತಾರೆ. ಅಕ್ಷರದ ಭಾಷೆಯಲ್ಲಿದ್ದುದು ಪ್ರೋಟೀನಿನ ಭಾಷೆಗೆ ತಿರುಗುವುದರಿಂದ ಆ ಹೆಸರು.

ಆದರೆ ಚೀಟಿ ಬಂದ ಕ್ಷಣವೇ ಒಲೆ ಹಚ್ಚಿದರೆ ದಾಸೋಹ ನಡೆಯುವುದುಂಟೇ? ಪಂಕ್ತಿ ಎಷ್ಟು, ಭಕ್ತರು ಎಷ್ಟು ಜನ ಕುಳಿತರು ಎಂದು ನೋಡಿ, ಅಲ್ಲಿಯವರೆಗೆ ಚೀಟಿಯನ್ನು ಕೈಯಲ್ಲಿ ತಡೆಹಿಡಿದು, ಸರಿಯಾದ ಹೊತ್ತಿಗೆ ಬಾಣಸಿಗರಿಗೆ ಕೊಡುವ ಒಬ್ಬ ಉಗ್ರಾಣದ ಹಿರಿಯರು ಬೇಕು. ಮಿದುಳಿನ ನರಕೋಶಗಳಲ್ಲಿ ಆ ಹಿರಿಯರ ಕೆಲಸವನ್ನು ಮಾಡುವ ಪ್ರೋಟೀನುಗಳಲ್ಲಿ ಒಂದು ಮುಖ್ಯವಾದುದನ್ನು ತಯಾರಿಸುವ ಸೂಚನೆಯೇ ಎಫ್.ಎಂ.ಆರ್.-1 ವಂಶವಾಹಿಯಲ್ಲಿದೆ. ಆ ಪ್ರೋಟೀನಿಗೆ ಎಫ್.ಎಂ.ಆರ್.ಪಿ. ಎಂದು ಹೆಸರು. ಅದು ನೂರಾರು ಬಗೆಯ ಆರ್.ಎನ್.ಎ. ಚೀಟಿಗಳನ್ನು ಹಿಡಿದುಕೊಂಡು, ಅವು ಅಕಾಲದಲ್ಲಿ ಅನುವಾದವಾಗದಂತೆ ತಡೆಯುತ್ತದೆ. ಒಂದು ನರಕೋಶ ಮತ್ತೊಂದನ್ನು ಸಂಧಿಸುವ ಜಾಗದಲ್ಲಿ ಸಂಕೇತ ಬಂದಾಗ ಬಿಟ್ಟುಕೊಡುತ್ತದೆ.

ಮಗು ಹೊಸದೊಂದನ್ನು ಕಲಿಯುವುದೆಂದರೆ ಈ ಸಂಧಿಗಳು ಬಲಗೊಳ್ಳುವುದು, ಬೇಡವಾದವು ಸಡಿಲಗೊಳ್ಳುವುದು. ಇದಕ್ಕೆ ಪ್ರೋಟೀನುಗಳು ಅಳತೆಯಲ್ಲಿಯೂ ಸಮಯಕ್ಕೂ ದೊರೆಯಬೇಕು. ಉಗ್ರಾಣದ ಹಿರಿಯರು ಇಲ್ಲವಾದರೆ ಒಲೆಗಳೆಲ್ಲ ಕರೆಯದೆಯೇ ಉರಿಯುತ್ತವೆ. ಪಂಕ್ತಿ ಕುಳಿತ ಹೊತ್ತಿಗೆ ಬೇಡವಾದದ್ದು ರಾಶಿ, ಬೇಕಾದದ್ದು ಇಲ್ಲ ಎಂಬಂತಾಗುತ್ತದೆ. ಫ್ರಜೈಲ್ ಎಕ್ಸ್ ಇರುವ ಮಗುವಿನ ಮಿದುಳಿನಲ್ಲಿ ಆಗುವುದು ಇದೇ. ನರಕೋಶಗಳು ಇವೆ, ಆದರೆ ಅವುಗಳ ಸಂಧಿಗಳು ನೀಳವಾಗಿ, ಎಳೆಯದಾಗಿ ಉಳಿದುಬಿಡುತ್ತವೆ. ಶಬ್ದ, ಬೆಳಕು, ಜನಜಂಗುಳಿ ಎಲ್ಲವೂ ಆ ಮಗುವಿಗೆ ಒಮ್ಮೆಲೇ ಮೈಮೇಲೆ ಬಿದ್ದಂತಾಗುತ್ತದೆ.

ಬೀಗ ಬಿದ್ದ ಪುಸ್ತಕ

ಈ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನ ತುದಿಯ ಸಮೀಪದಲ್ಲಿ. ಅದರ ಆರಂಭದ ಭಾಗದಲ್ಲಿ ಸಿ, ಜಿ, ಜಿ ಎಂಬ ಮೂರು ಅಕ್ಷರಗಳ ಗುಂಪು ಜಪದಂತೆ ಮತ್ತೆ ಮತ್ತೆ ಬರುತ್ತದೆ. ಬಹಳಷ್ಟು ಜನರಲ್ಲಿ ಇದು ಸುಮಾರು 30 ಸಲ ಇರುತ್ತದೆ. 44ರವರೆಗೂ ಸಾಮಾನ್ಯವೆಂದೇ ಎಣಿಕೆ. 45ರಿಂದ 54 ನಡುವಿನ ಅಂಚು. 55ರಿಂದ 200ರವರೆಗೆ ಇದ್ದರೆ ಅದನ್ನು ಪೂರ್ವವಿಕೃತಿ ಎನ್ನಬಹುದು. 200ನ್ನು ಮೀರಿದರೆ ಪೂರ್ಣವಿಕೃತಿ. ಆಗ ಜೀವಕೋಶವು ಆ ಪುಟಕ್ಕೆ ರಾಸಾಯನಿಕವಾದ ಬೀಗಮುದ್ರೆ ಹಾಕಿಬಿಡುತ್ತದೆ. ಅಡುಗೆಯ ಕ್ರಮ ಒಳಗೆ ಸರಿಯಾಗಿಯೇ ಬರೆದಿದೆ. ಆದರೆ ಪುಸ್ತಕ ತೆರೆಯುವುದಿಲ್ಲ, ಚೀಟಿ ಹೊರಡುವುದಿಲ್ಲ, ಎಫ್.ಎಂ.ಆರ್.ಪಿ. ತಯಾರಾಗುವುದಿಲ್ಲ.

ಪೂರ್ವವಿಕೃತಿಯ ಕಥೆ ಬೇರೆ. ಅಲ್ಲಿ ಪುಸ್ತಕಕ್ಕೆ ಬೀಗವಿಲ್ಲ. ಅದಕ್ಕೆ ಬದಲಾಗಿ ಚೀಟಿಗಳೇ ಅಗತ್ಯಕ್ಕಿಂತ ಹೆಚ್ಚಾಗಿ ಹೊರಟು ಜೀವಕೋಶಕ್ಕೆ ತೊಂದರೆ ಕೊಡುತ್ತವೆ. ಇಂಥವರು ಬಾಲ್ಯದಲ್ಲಿ ಎಲ್ಲರಂತೆಯೇ ಓದಿ, ದುಡಿದು, ಸಂಸಾರ ನಡೆಸುತ್ತಾರೆ. ಆದರೆ 50 ವರ್ಷ ದಾಟಿದ ಕೆಲವು ಗಂಡಸರಲ್ಲಿ ಕೈನಡುಕ, ನಡಿಗೆಯ ಆಯತಪ್ಪುವಿಕೆ, ಮರೆವು ಕಾಣಿಸಿಕೊಳ್ಳುತ್ತವೆ. ಪೂರ್ವವಿಕೃತಿಯುಳ್ಳ ಹೆಂಗಸರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ 40 ವರ್ಷಕ್ಕೆ ಮುಂಚೆಯೇ ಅಂಡಾಶಯ ದುರ್ಬಲವಾಗಿ ಮುಟ್ಟು ನಿಲ್ಲುತ್ತದೆ. ನಾಯಂಡಹಳ್ಳಿಯ ಆ ಮನೆಯ ತಾತನ ನಡುಕವೂ ಕಿರಿಯ ಮಗಳ ಕೊರಗೂ ಹೀಗೆ ಒಂದೇ ಎಳೆಯಲ್ಲಿ ಪೋಣಿಸಿಕೊಳ್ಳುತ್ತವೆ. ಕೈನಡುಕಕ್ಕೂ ಬಂಜೆತನಕ್ಕೂ ಬೇರೆ ಕಾರಣಗಳೇ ಹೆಚ್ಚು ಎಂಬುದನ್ನೂ ಇಲ್ಲಿಯೇ ಹೇಳಬೇಕು. ಒಂದು ಮನೆಯಲ್ಲಿ ಇವು ಒಟ್ಟಾಗಿ, ಜೊತೆಗೆ ಕಲಿಕೆಯಲ್ಲಿ ಹಿಂದುಳಿದ ಮಗುವೂ ಕಂಡಾಗ ಮಾತ್ರ ಈ ದಿಕ್ಕಿನಲ್ಲಿ ವಿಚಾರ ಮಾಡಬೇಕು.

ತಲೆಮಾರಿನಿಂದ ತಲೆಮಾರಿಗೆ

ಹೆಂಗಸರಿಗೆ ಎರಡು ಎಕ್ಸ್ ವರ್ಣತಂತುಗಳು. ಗಂಡಸರಿಗೆ ಒಂದು ಎಕ್ಸ್, ಒಂದು ವೈ. ತಂದೆ ತನ್ನ ಎಕ್ಸನ್ನು ಹೆಣ್ಣುಮಕ್ಕಳೆಲ್ಲರಿಗೂ ಕೊಡುತ್ತಾನೆ. ಗಂಡುಮಕ್ಕಳಿಗೆ ಕೊಡುವುದು ವೈ ಮಾತ್ರ. ಆದ್ದರಿಂದ ಪೂರ್ವವಿಕೃತಿಯುಳ್ಳ ತಂದೆಯ ಹೆಣ್ಣುಮಕ್ಕಳೆಲ್ಲರೂ ಅದರ ವಾಹಕರಾಗುತ್ತಾರೆ, ಗಂಡುಮಕ್ಕಳಲ್ಲಿ ಯಾರೂ ಆಗುವುದಿಲ್ಲ. ತಾಯಿಯಾದರೆ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಕೊಡುತ್ತಾಳೆ. ಹೀಗಾಗಿ ಪ್ರತಿ ಬಸುರಿನಲ್ಲಿಯೂ, ಗಂಡಾಗಲಿ ಹೆಣ್ಣಾಗಲಿ, ವಿಕೃತಿ ದಾಟುವ ಸಂಭವ ಅರ್ಧಕ್ಕರ್ಧ.

ಇಲ್ಲಿ ಒಂದು ವಿಶೇಷವಿದೆ. ತಂದೆಯಿಂದ ಮಗಳಿಗೆ ಬರುವಾಗ ಪೂರ್ವವಿಕೃತಿ ಪೂರ್ವವಿಕೃತಿಯಾಗಿಯೇ ಉಳಿಯುತ್ತದೆ. ತಾಯಿಯಿಂದ ಮಗುವಿಗೆ ದಾಟುವಾಗ ಮಾತ್ರ ಆ ಮೂರಕ್ಷರದ ಆವೃತ್ತಿ 200ನ್ನು ಮೀರಿ ಹಿಗ್ಗಬಲ್ಲದು. ತಾಯಿಯಲ್ಲಿ ಸಂಖ್ಯೆ ಹೆಚ್ಚಿದ್ದಷ್ಟೂ ಹಿಗ್ಗುವ ಸಂಭವ ಹೆಚ್ಚು. ಗಂಡುಮಗುವಿಗೆ ಇರುವುದು ಒಂದೇ ಎಕ್ಸ್ ಆದ್ದರಿಂದ ಪರಿಣಾಮ ತೀವ್ರ. ಹೆಣ್ಣುಮಗುವಿಗೆ ಇನ್ನೊಂದು ಎಕ್ಸಿನ ಆಸರೆಯಿರುವುದರಿಂದ ಎಷ್ಟೋ ವೇಳೆ ಪರಿಣಾಮ ಸೌಮ್ಯ. ಲೆಕ್ಕದಲ್ಲಿ ಹಿಂದೆ ಬೀಳುವುದು, ಅತಿಯಾದ ಸಂಕೋಚ, ಆತಂಕ ಇಷ್ಟರಲ್ಲೇ ಅದು ಕಾಣಬಹುದು. ಅಂಥ ಹುಡುಗಿಯನ್ನು ನಾವು ನಾಚಿಕೆಯ ಸ್ವಭಾವದವಳು ಎಂದು ಸುಮ್ಮನಾಗುತ್ತೇವೆ.

ನಮ್ಮ ಉದಾಹರಣೆಯ ಮನೆಯಲ್ಲಿ ನಡೆದಿರುವುದು ಇದೇ. ತಾತನಲ್ಲಿ ಪೂರ್ವವಿಕೃತಿ, ಇಬ್ಬರು ಹೆಣ್ಣುಮಕ್ಕಳಿಗೂ ಅದೇ ಬಂತು, ಹಿರಿಯ ಮಗಳಿಂದ ಮಗನಿಗೆ ದಾಟುವಾಗ ಅದು ಪೂರ್ಣವಿಕೃತಿಯಾಯಿತು. ತಾತನಿಗೊಬ್ಬ ಮಗನಿದ್ದರೆ, ಅವನೂ ಅವನ ಮಕ್ಕಳೂ ಈ ಎಳೆಯಿಂದ ಹೊರಗೆ. ಹೆಣ್ಣುಮಕ್ಕಳನ್ನು ಬೇರೆ ಬೇರೆ ಊರಿಗೆ ಕೊಡುವ ನಮ್ಮ ಸಮಾಜದಲ್ಲಿ ಇಂಥ ಎಳೆ ಬೇರೆ ಬೇರೆ ಮನೆತನಗಳ ಹೆಸರಿನಲ್ಲಿ ಹರಡಿಹೋಗುತ್ತದೆ. ತವರಿನ ವಂಶವೃಕ್ಷದಲ್ಲಿ ಗಂಡುಮಕ್ಕಳ ಹೆಸರನ್ನು ಮಾತ್ರ ಬರೆದಿಡುವ ರೂಢಿಯಿಂದಾಗಿ, ಕಾಯಿಲೆಯ ದಾರಿಯೇ ಆ ಕಾಗದದ ಮೇಲೆ ಕಾಣದೆ ಹೋಗುತ್ತದೆ.

ಒಗಟು ಬಿಡಿಸಿದ ಬಗೆ

ಇಂಥ ಮನೆತನವೊಂದನ್ನು ವೈದ್ಯಶಾಸ್ತ್ರದಲ್ಲಿ ಮೊದಲು ವಿವರವಾಗಿ ದಾಖಲಿಸಿದವರು ಬ್ರಿಟನ್ನಿನ ಜೇಮ್ಸ್ ಪರ್ಡನ್ ಮಾರ್ಟಿನ್ ಮತ್ತು ಜೂಲಿಯಾ ಬೆಲ್, 1943ರಲ್ಲಿ. 1969ರಲ್ಲಿ ಅಮೆರಿಕದ ಹರ್ಬರ್ಟ್ ಲಬ್ಸ್ ಅವರು ಇಂಥ ರೋಗಿಗಳ ಎಕ್ಸ್ ವರ್ಣತಂತುವಿನ ತುದಿ ಸೂಕ್ಷ್ಮದರ್ಶಕದಲ್ಲಿ ಕಳಚಿಬೀಳುವಂತೆ ಕಾಣುವುದನ್ನು ಗಮನಿಸಿದರು. ಭಿದುರವಾದ, ಅಂದರೆ ಸುಲಭವಾಗಿ ಮುರಿಯುವಂತೆ ತೋರುವ ಎಕ್ಸ್ ಎಂಬ ಅರ್ಥದಲ್ಲಿ ಫ್ರಜೈಲ್ ಎಕ್ಸ್ ಎಂಬ ಹೆಸರು ಬಂದುದು ಇದರಿಂದಲೇ. ಬೇರೆಯವರಿಗೆ ಅದು ಒಮ್ಮೆ ಕಂಡರೆ ಒಮ್ಮೆ ಕಾಣುತ್ತಿರಲಿಲ್ಲ. ಜೀವಕೋಶಗಳನ್ನು ಬೆಳೆಸುವ ದ್ರವದಲ್ಲಿ ಫೋಲಿಕ್ ಆಮ್ಲ ಕಡಿಮೆಯಿದ್ದರೆ ಮಾತ್ರ ಅದು ಕಾಣುತ್ತದೆಂದು 1977ರಲ್ಲಿ ಆಸ್ಟ್ರೇಲಿಯಾದ ಗ್ರಾಂಟ್ ಸದರ್‌ಲೆಂಡ್ ತೋರಿಸಿಕೊಟ್ಟರು.

ಆರೋಗ್ಯವಂತ ತಾತನಿಂದ ಕಾಯಿಲೆಯ ಮೊಮ್ಮಗ ಹೇಗೆ ಹುಟ್ಟುತ್ತಾನೆ, ತಲೆಮಾರು ಕಳೆದಂತೆ ಅಪಾಯ ಏಕೆ ಹೆಚ್ಚುತ್ತದೆ ಎಂಬುದು 1980ರ ದಶಕದ ದೊಡ್ಡ ಒಗಟಾಗಿತ್ತು. ಅದನ್ನು ಲೆಕ್ಕಹಾಕಿ ತೋರಿಸಿದ ಸ್ಟೆಫಾನಿ ಶರ್ಮನ್ ಅವರ ಹೆಸರಿನಿಂದಲೇ ಆ ಒಗಟನ್ನು ಕರೆಯುತ್ತಿದ್ದರು. 1991ರಲ್ಲಿ ಅಮೆರಿಕ ಮತ್ತು ನೆದರ್ಲೆಂಡ್ಸ್‌ನ ಪ್ರಯೋಗಾಲಯಗಳು ಕೂಡಿ ಎಫ್.ಎಂ.ಆರ್.-1 ವಂಶವಾಹಿಯನ್ನು ಕಂಡುಹಿಡಿದಾಗ, ಹಿಗ್ಗುವ ಮೂರಕ್ಷರದಲ್ಲಿ ಒಗಟಿಗೆ ಉತ್ತರ ದೊರೆಯಿತು.

ಈ ಕೆಲಸದಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ ಎಂಬುದು ಹೆಮ್ಮೆಯ ಸಂಗತಿ. ಬಳ್ಳಾರಿ ರಸ್ತೆಯ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಮತ್ತು ಅವರ ಸಂಗಡಿಗರು, ಈ ವಂಶವಾಹಿಯನ್ನು ಇಲ್ಲವಾಗಿಸಿದ ಇಲಿಗಳ ಮಿದುಳಿನಲ್ಲಿ ಭಯ ಮತ್ತು ಭಾವನೆಗೆ ಸಂಬಂಧಿಸಿದ ಅಮಿಗ್ಡಲ ಎಂಬ ಭಾಗವನ್ನು ಅಭ್ಯಸಿಸಿ, ಅಲ್ಲಿನ ನರಸಂಧಿಗಳ ದೋಷಗಳನ್ನೂ ಅವುಗಳಲ್ಲಿ ಕೆಲವನ್ನು ಔಷಧದಿಂದ ಹಿಂದಕ್ಕೆ ತರಬಹುದೆಂಬುದನ್ನೂ 2010ರಲ್ಲಿ ಪ್ರಕಟಿಸಿದರು. ರವಿ ಮುದ್ದಶೆಟ್ಟಿ ಅವರು ಎಫ್.ಎಂ.ಆರ್.ಪಿ. ಪ್ರೋಟೀನು ಚೀಟಿಗಳನ್ನು ಹಿಡಿದು ಬಿಡುವ ಬಗೆಯ ಮೇಲೆಯೇ ಬೆಂಗಳೂರಿನಲ್ಲಿ ಸಂಶೋಧನೆ ನಡೆಸಿದ್ದಾರೆ.

ಆದರೆ ಇಲಿಯಲ್ಲಿ ಫಲಿಸಿದ್ದೆಲ್ಲ ಮನುಷ್ಯನಲ್ಲಿ ಫಲಿಸುವುದಿಲ್ಲ. ಬಹಳ ಭರವಸೆ ಹುಟ್ಟಿಸಿದ್ದ ಮಾವೊಗ್ಲುರಾಂಟ್ ಎಂಬ ಔಷಧ ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ನಿರೀಕ್ಷಿತ ಫಲ ಕೊಡದೆ, 2014ರಲ್ಲಿ ಆ ಪ್ರಯತ್ನ ನಿಂತಿತು. ಮೂಲದೋಷವನ್ನೇ ಗುಣಪಡಿಸುವ ಔಷಧ ಇನ್ನೂ ಬಂದಿಲ್ಲ. ಬುದ್ಧಿ ಹೆಚ್ಚಿಸುತ್ತೇವೆಂದು ಪುಡಿ, ಲೇಹ್ಯ, ಚುಚ್ಚುಮದ್ದು ಮಾರುವವರ ಮಾತಿಗೆ ಮರುಳಾಗಿ ಒಡವೆ ಅಡವಿಡಬಾರದೆಂದು ಬಂಧುಗಳಲ್ಲಿ ನಮ್ಮ ವಿನಂತಿ.

ಸೋದರ ಸಂಬಂಧದ ಪ್ರಶ್ನೆ

ಕರ್ನಾಟಕದಲ್ಲಿ ಸೋದರಮಾವನಿಗೆ ಕೊಡುವ, ಸೋದರತ್ತೆಯ ಮನೆಯಿಂದ ತರುವ ರೂಢಿ ಇರುವುದರಿಂದ, ಈ ಕಾಯಿಲೆಗೂ ರಕ್ತಸಂಬಂಧದ ಮದುವೆಗೂ ನಂಟೇನು ಎಂಬ ಪ್ರಶ್ನೆ ಸಹಜ. ತಂದೆತಾಯಿ ಇಬ್ಬರಿಂದಲೂ ಒಂದೊಂದು ದೋಷಯುಕ್ತ ಪ್ರತಿ ಬಂದರೆ ಮಾತ್ರ ತಲೆದೋರುವ ಕಾಯಿಲೆಗಳು ಅನೇಕ ಇವೆ. ಅಂಥವುಗಳಿಗೆ ರಕ್ತಸಂಬಂಧದ ಮದುವೆ ಹಾದಿಮಾಡಿಕೊಡುತ್ತದೆ. ಫ್ರಜೈಲ್ ಎಕ್ಸ್ ಆ ಗುಂಪಿಗೆ ಸೇರಿದ್ದಲ್ಲ. ಗಂಡುಮಗುವಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ. ಆಕೆ ವಾಹಕಳಾಗಿದ್ದರೆ ಗಂಡ ಸೋದರಮಾವನಾದರೂ ಪರಸ್ಥಳದವನಾದರೂ ಮಗನಿಗಿರುವ ಅಪಾಯ ಒಂದೇ. ಆದ್ದರಿಂದ ನಾವು ಹೊರಗಿನ ಸಂಬಂಧ ಮಾಡಿದ್ದೇವೆ, ನಮಗೆ ಚಿಂತೆಯಿಲ್ಲ ಎನ್ನುವಂತಿಲ್ಲ. ಸೋದರಿಕೆಯಲ್ಲಿ ಮದುವೆಯಾದುದರಿಂದಲೇ ಹೀಗಾಯಿತು ಎಂದು ದಂಪತಿಗಳನ್ನು ನೋಯಿಸುವಂತೆಯೂ ಇಲ್ಲ. ಒಂದು ಮಾತನ್ನು ಮಾತ್ರ ನೆನಪಿಡಬೇಕು. ತಾಯಿಯ ಕಡೆಯ ಎಳೆಯಲ್ಲಿಯೇ ವಿಕೃತಿ ಇದ್ದಾಗ ಸೋದರಮಾವನೂ ವಾಹಕನಾಗಿರಬಹುದು. ಆಗ ಅವರ ಹೆಣ್ಣುಮಗುವಿಗೆ ಎರಡು ಕಡೆಯಿಂದಲೂ ಅದು ಬರುವ ಸಂಭವವಿದೆ.

ಪರೀಕ್ಷೆಯೂ ಅದರ ಭಯವೂ

ಈ ಪರೀಕ್ಷೆಗೆ ಬೇಕಾದುದು ಸ್ವಲ್ಪ ರಕ್ತ ಮಾತ್ರ. ಅದರಿಂದ ಡಿ.ಎನ್.ಎ. ತೆಗೆದು ಮೂರಕ್ಷರದ ಆವೃತ್ತಿಯನ್ನು ಎಣಿಸುತ್ತಾರೆ. ಮುಖ್ಯವಾದ ಸಂಗತಿಯೆಂದರೆ, ಈ ಪರೀಕ್ಷೆಯನ್ನು ಹೆಸರು ಹೇಳಿಯೇ ಕೇಳಬೇಕು. ವರ್ಣತಂತುಗಳನ್ನು ಎಣಿಸುವ ಸಾಮಾನ್ಯ ಪರೀಕ್ಷೆಯಲ್ಲಿ ಇದು ತಪ್ಪಿಹೋಗಬಹುದು. ಈಚೆಗೆ ಪ್ರಚಾರಕ್ಕೆ ಬಂದಿರುವ, ವಂಶವಾಹಿಗಳನ್ನೆಲ್ಲ ಒಟ್ಟಿಗೆ ಓದುವ ದುಬಾರಿ ಪರೀಕ್ಷೆಗಳೂ ಈ ಆವೃತ್ತಿಯನ್ನು ನೆಚ್ಚುವಂತೆ ಎಣಿಸಲಾರವು. ಎಲ್ಲ ಪರೀಕ್ಷೆ ಮಾಡಿಸಿದೆವು, ಏನೂ ಇಲ್ಲವೆಂದರು ಎಂದು ಕುಳಿತ ತಂದೆತಾಯಿಗಳು ಎಫ್.ಎಂ.ಆರ್.-1 ಪರೀಕ್ಷೆ ಆಗಿದೆಯೇ ಎಂದು ತಮ್ಮ ವೈದ್ಯರನ್ನು ಮತ್ತೊಮ್ಮೆ ಕೇಳುವುದು ಒಳಿತು.

ಬೆಂಗಳೂರಿನ ಪಶ್ಚಿಮ ಭಾಗದವರಿಗೆ ದಾರಿ ದೂರವಲ್ಲ. ಹೊಸೂರು ರಸ್ತೆಯಲ್ಲಿ, 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮನೋವೈದ್ಯ ವಿಭಾಗವೂ ನರರೋಗ ವಿಭಾಗವೂ ಒಂದೇ ಆವರಣದಲ್ಲಿವೆ. ತಾತ ಮೊಮ್ಮಗ ಇಬ್ಬರ ಕಡತವನ್ನೂ ಅಲ್ಲಿ ಕೂಡಿಸಿ ನೋಡಲು ಸಾಧ್ಯ. ಅದರ ಸಮೀಪದಲ್ಲೇ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಿದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಎಂಬ ಸಂಸ್ಥೆ ವಂಶಪಾರಂಪರ್ಯ ಕಾಯಿಲೆಗಳಿಗೆಂದೇ ಇದೆ. 2021ರಲ್ಲಿ ನಾಯಂಡಹಳ್ಳಿಗೂ 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೂ ಮೆಟ್ರೋ ಬಂದಿರುವುದರಿಂದ ಪ್ರಯಾಣವೂ ಸುಲಭವಾಗಿದೆ.

ದಾರಿಗಿಂತ ದೊಡ್ಡ ಅಡ್ಡಿ ಮನಸ್ಸಿನದು. ಪರೀಕ್ಷೆಯಲ್ಲಿ ತಾಯಿಯೇ ವಾಹಕಳೆಂದು ತಿಳಿದರೆ, ಈವರೆಗೆ ಬಾಯಿಮಾತಾಗಿದ್ದ ದೂರಿಗೆ ಆಸ್ಪತ್ರೆಯ ಮುದ್ರೆಯೇ ಬಿದ್ದಂತಾಗುವುದಿಲ್ಲವೇ? ನೋಡಿ, ನಿಮ್ಮ ಕಡೆಯಿಂದಲೇ ಬಂದದ್ದು ಎಂದು ಬೀಗರು ಎತ್ತಿ ಆಡುವುದಿಲ್ಲವೇ? ತಂಗಿಯ ಮದುವೆಗೆ ಕಲ್ಲು ಬೀಳುವುದಿಲ್ಲವೇ? ಈ ಭಯದಿಂದಲೇ ಎಷ್ಟೋ ಹೆಣ್ಣುಮಕ್ಕಳು ಪರೀಕ್ಷೆಗೆ ಒಪ್ಪುವುದಿಲ್ಲ. ಈ ಭಯ ಸುಳ್ಳೆಂದು ನಾವು ಹೇಳಲಾರೆವು. ನಮ್ಮ ಮನೆಗಳಲ್ಲಿ ಅಂಥ ಮಾತು ಬಂದೇ ಬರುತ್ತದೆಂಬುದು ಎಲ್ಲರಿಗೂ ಗೊತ್ತು.

ಆದರೆ ವಿಜ್ಞಾನ ಹೇಳುವುದನ್ನು ಪೂರ್ತಿಯಾಗಿ ಕೇಳಬೇಕು. ತಾಯಿಗೆ ಅದು ಬಂದುದು ಆಕೆಯ ತಂದೆಯಿಂದಲೋ ತಾಯಿಯಿಂದಲೋ. ಅವರಿಗೆ ಅವರ ಹಿರಿಯರಿಂದ. ಹಿಂದಕ್ಕೆ ಹೋದಷ್ಟೂ ಆ ಎಳೆಗೆ ಮೊದಲಿಲ್ಲ. ಆ ಎಳೆಯಲ್ಲಿ ಯಾರೊಬ್ಬರೂ ಅದನ್ನು ಬಯಸಿ ಪಡೆಯಲಿಲ್ಲ, ತಿಳಿದು ಕೊಡಲಿಲ್ಲ. ಪಾಶ್ಚಾತ್ಯ ದೇಶಗಳ ಅಂದಾಜಿನಂತೆ 150ರಿಂದ 300 ಹೆಂಗಸರಲ್ಲಿ ಒಬ್ಬರು ಪೂರ್ವವಿಕೃತಿಯ ವಾಹಕರು. ಇಂದು ಸೊಸೆಯನ್ನು ದೂರುವ ಅತ್ತೆಯೂ ತಾನು ವಾಹಕಳಲ್ಲವೆಂದು ಪರೀಕ್ಷೆಯಿಲ್ಲದೆ ಹೇಳುವಂತಿಲ್ಲ. ಕಣ್ಣಿನ ಬಣ್ಣಕ್ಕೆ ಯಾರನ್ನೂ ಶಿಕ್ಷಿಸದ ನಾವು, ಮೂರಕ್ಷರದ ಆವೃತ್ತಿಗೆ ಒಬ್ಬ ತಾಯಿಯನ್ನು ಜೀವನಪರ್ಯಂತ ಶಿಕ್ಷಿಸುವುದು ಯಾವ ನ್ಯಾಯ? ಹೆಣ್ಣಿಗೂ ಗಂಡಿಗೂ ಒಂದೇ ಇಷ್ಟಲಿಂಗವನ್ನು ಕರುಣಿಸಿದ ಧರ್ಮದಲ್ಲಿ ಹುಟ್ಟಿದ ನಾವು ಈ ಪ್ರಶ್ನೆಯನ್ನು ನಮ್ಮನ್ನೇ ಕೇಳಿಕೊಳ್ಳಬೇಕು.

ತಿಳಿಯದೆ ಇದ್ದರೆ ಆಗುವ ನಷ್ಟವನ್ನೂ ಯೋಚಿಸಬೇಕು. ತಂಗಿಗೆ ವಿಷಯ ಮೊದಲೇ ತಿಳಿದಿದ್ದರೆ, ಅಂಡಾಶಯದ ಶಕ್ತಿ ಕುಂದುವ ಮುನ್ನವೇ ಮಗುವನ್ನು ಪಡೆಯುವ ವಿಚಾರ ಮಾಡಬಹುದಿತ್ತು. ವಾಹಕ ಹೆಣ್ಣುಮಗಳು ಬಸುರಾದರೆ, ಸುಮಾರು ಹತ್ತು ಹನ್ನೊಂದು ವಾರಗಳಾದ ಮೇಲೆ ಗರ್ಭದ ಮಾದರಿ ತೆಗೆದು ಮಗುವಿಗೆ ಪೂರ್ಣವಿಕೃತಿ ದಾಟಿದೆಯೇ ಎಂದು ನೋಡಬಹುದು. 1994ರ ಕಾಯಿದೆ ಭ್ರೂಣದ ಲಿಂಗಪತ್ತೆಯನ್ನು ನಿಷೇಧಿಸಿದೆಯೇ ಹೊರತು, ಇಂಥ ವಂಶಪಾರಂಪರ್ಯ ಕಾಯಿಲೆಯ ಪರೀಕ್ಷೆಗೆ ಮಾನ್ಯತೆ ಪಡೆದ ಕೇಂದ್ರಗಳಲ್ಲಿ ಅವಕಾಶ ಕೊಟ್ಟಿದೆ. ಫಲಿತಾಂಶ ತಿಳಿದ ಮೇಲೆ ಏನು ಮಾಡಬೇಕೆಂಬುದು ಕಾನೂನಿನ ಮಿತಿಯೊಳಗೆ ಆ ದಂಪತಿಗಳ, ಅದರಲ್ಲಿಯೂ ತಾಯಿಯ ತೀರ್ಮಾನ. ಹಿರಿಯರು ಒತ್ತಾಯ ಮಾಡಬಾರದು. ಪರೀಕ್ಷೆಗೆ ಮೊದಲೂ ಅನಂತರವೂ ತಜ್ಞರ ಆಪ್ತಸಲಹೆ ಪಡೆಯುವುದು ಅಗತ್ಯ. ಅಲ್ಲಿ ಆಡಿದ ಮಾತು ಗುಟ್ಟಾಗಿರುತ್ತದೆ. ಮನೆಯ ಚಿಕ್ಕ ಹುಡುಗಿಗೆ ಯಾವ ತೊಂದರೆಯೂ ಇಲ್ಲದಿದ್ದರೆ, ಆಕೆ ವಾಹಕಳೇ ಎಂದು ತಿಳಿಯಲು ಅವಸರ ಬೇಡ. ವಯಸ್ಸಿಗೆ ಬಂದು, ವಿಷಯವನ್ನು ಅರಿತು, ತಾನೇ ತೀರ್ಮಾನಿಸುವ ಹಕ್ಕು ಆಕೆಯದು.

ಮಗುವಿನೊಡನೆ ನಡೆದುಕೊಳ್ಳುವ ಬಗೆ

ಫ್ರಜೈಲ್ ಎಕ್ಸ್ ಇರುವ ಎಷ್ಟೋ ಮಕ್ಕಳ ಮುಖ ಸ್ವಲ್ಪ ನೀಳ, ಕಿವಿ ದೊಡ್ಡದು, ಬೆರಳುಗಳ ಕೀಲು ಸಡಿಲ. ಆದರೆ ಎಳವೆಯಲ್ಲಿ ಈ ಗುರುತುಗಳು ಸ್ಪಷ್ಟವಾಗಿರುವುದಿಲ್ಲ. ಮಾತು ತಡವಾಗುವುದು, ಒಂದೆಡೆ ಕೂರದಿರುವುದು, ಹೇಳಿದ ಮಾತನ್ನೇ ಮತ್ತೆ ಮತ್ತೆ ಹೇಳುವುದು, ಕೈ ಕಚ್ಚಿಕೊಳ್ಳುವುದು ಮೊದಲು ಕಾಣುತ್ತವೆ. ಆಟಿಸಂ ಲಕ್ಷಣಗಳೂ ಹಲವರಲ್ಲಿ ಇರುತ್ತವೆ. ಪದೇಪದೇ ಕಿವಿ ಸೋರುವುದು, ಮಾಲುಗಣ್ಣು, ಕೆಲವರಲ್ಲಿ ಮೂರ್ಛೆ ಬರುವುದು ಇವುಗಳಿಗೆ ಚಿಕಿತ್ಸೆಯಿದೆ, ಅಲಕ್ಷಿಸಬಾರದು.

ಈ ಮಗು ಕಣ್ಣಿಗೆ ಕಣ್ಣು ಕೊಟ್ಟು ನೋಡದಿರುವುದು ಅವಿಧೇಯತೆಯಿಂದಲ್ಲ. ಇನ್ನೊಬ್ಬರ ದೃಷ್ಟಿ ಅದಕ್ಕೆ ತಡೆಯಲಾರದ ಕಳವಳ ತರುತ್ತದೆ. ನನ್ನ ಮುಖ ನೋಡು ಎಂದು ಗದ್ದ ಹಿಡಿದೆತ್ತಬಾರದು. ಪಕ್ಕದಲ್ಲಿ ಕುಳಿತು ಮಾತನಾಡಿಸಿದರೆ ಅದು ಹೆಚ್ಚು ಚೆನ್ನಾಗಿ ಉತ್ತರಿಸುತ್ತದೆ. ಜಾತ್ರೆಯ ಓಲಗ, ಮದುವೆಮನೆಯ ಧ್ವನಿವರ್ಧಕ, ಗುಂಪಿನ ಪಂಕ್ತಿ ಅದಕ್ಕೆ ಹಿಂಸೆ. ಕರೆದೊಯ್ಯಲೇಬೇಕಾದರೆ ಮೊದಲೇ ತಿಳಿಸಿ, ಜನ ಕಡಿಮೆಯಿರುವ ಹೊತ್ತಿಗೆ ಒಯ್ದು, ಹೊರಗೆ ಒಂದು ನಿಶ್ಶಬ್ದವಾದ ಮೂಲೆಯನ್ನು ನೋಡಿಟ್ಟುಕೊಳ್ಳಬೇಕು. ದಿನದ ಕ್ರಮ ಬದಲಾಗದಿರುವುದು ಅದಕ್ಕೆ ಧೈರ್ಯ ಕೊಡುತ್ತದೆ. ಬೆಳಗಿನ ಸ್ನಾನ, ವಿಭೂತಿ, ಇಷ್ಟಲಿಂಗ ಪೂಜೆ, ತಿಂಡಿ ಹೀಗೆ ನಿತ್ಯವೂ ಒಂದೇ ಕ್ರಮದಲ್ಲಿ ನಡೆಯುವ ನಮ್ಮ ಮನೆಯ ಆಚರಣೆ ಇಂಥ ಮಗುವಿಗೆ ಹೇಳಿ ಮಾಡಿಸಿದಂತಿದೆ.

ಇವರು ಕೇಳಿ ಕಲಿಯುವುದಕ್ಕಿಂತ ನೋಡಿ ಕಲಿಯುವುದರಲ್ಲಿ ಮುಂದು. ಅನುಕರಣೆ ಚೆನ್ನಾಗಿ ಬರುತ್ತದೆ, ಹಾಸ್ಯಪ್ರವೃತ್ತಿಯೂ ಇರುತ್ತದೆ. ಮಾತಿನ ಚಿಕಿತ್ಸೆ, ಕೈಕೆಲಸದ ಚಿಕಿತ್ಸೆ, ವಿಶೇಷ ಶಿಕ್ಷಣ ಇವುಗಳನ್ನು ಬೇಗ ಆರಂಭಿಸಿದಷ್ಟೂ ಲಾಭ. ಚಂಚಲತೆ, ಆತಂಕ, ಮೂರ್ಛೆಗಳಿಗೆ ವೈದ್ಯರು ಔಷಧ ಕೊಡುತ್ತಾರೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾತಿನ ತೊಂದರೆಗಳಿಗೆ ದೇಶದಲ್ಲೇ ಹೆಸರಾದುದು. ನಾಯಂಡಹಳ್ಳಿಯ ಮೂಲಕವೇ ಮೈಸೂರಿನ ರೈಲುದಾರಿ ಹಾದುಹೋಗುತ್ತದೆ. ಇಂಥ ಮಕ್ಕಳ ತಂದೆತಾಯಿಗಳು ಮುಂಬೈಯಲ್ಲಿ ಕಟ್ಟಿಕೊಂಡ ಫ್ರಜೈಲ್ ಎಕ್ಸ್ ಸೊಸೈಟಿ ಎಂಬ ಸಂಘಟನೆಯೂ ಇದೆ.

ಕಾನೂನಿನ ಆಸರೆ

2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದ್ದು, ಬೌದ್ಧಿಕ ವೈಕಲ್ಯ ಮತ್ತು ಆಟಿಸಂ ಎರಡೂ ಅದರಲ್ಲಿ ಸೇರಿವೆ. ಶೇಕಡ 40 ಅಥವಾ ಅದಕ್ಕೂ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರ ಪಡೆದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ, 18 ವರ್ಷ ತುಂಬಿದ ಮೇಲೂ ತನ್ನ ವ್ಯವಹಾರ ನೋಡಿಕೊಳ್ಳಲಾರದವರಿಗೆ ಕಾನೂನುಬದ್ಧ ಪೋಷಕರನ್ನು ಜಿಲ್ಲೆಯ ಸ್ಥಳೀಯ ಸಮಿತಿಯ ಮೂಲಕ ನೇಮಿಸಿಕೊಳ್ಳಬಹುದು. ಅದೇ ನ್ಯಾಸದ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯಿದೆ. ನಮ್ಮ ನಂತರ ಈ ಮಗುವಿಗೆ ಯಾರು ಎಂದು ಇರುಳು ನಿದ್ದೆಗೆಡುವ ತಂದೆತಾಯಿಗಳು ಈ ಕಾಗದಪತ್ರಗಳನ್ನು ಮುಂದೂಡದೆ ಮಾಡಿಸಿಕೊಳ್ಳಬೇಕು.

ನಮ್ಮ ಕರ್ತವ್ಯ

ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಬಾಳಿ ತೋರಿಸಿದವರು ಬಸವಾದಿ ಶರಣರು. ಆ ಮಾತನ್ನು ನಾವು ವೇದಿಕೆಗಳಲ್ಲಿ ಬಹಳ ಹೇಳುತ್ತೇವೆ. ಅದನ್ನು ನಡೆಸಿ ತೋರಿಸಲು ಇಂಥ ಒಬ್ಬ ಹುಡುಗ ನಮಗೆ ಅವಕಾಶ ಕೊಡುತ್ತಾನೆ. ಬಾಳೆಯೆಲೆ ಒರೆಸಿ ಹರಡುವುದು, ಹೂ ಬಿಡಿಸುವುದು, ವಿಭೂತಿ ಗಟ್ಟಿಗಳನ್ನು ಎಣಿಸಿ ಕಟ್ಟುವುದು, ಲೋಟಗಳನ್ನು ತೊಳೆದು ಸಾಲಾಗಿ ಜೋಡಿಸುವುದು ಇವೆಲ್ಲ ಒಂದೇ ಕ್ರಮದಲ್ಲಿ ಮತ್ತೆ ಮತ್ತೆ ಮಾಡುವ ಕೆಲಸಗಳು. ಇಂಥ ಹುಡುಗ ಬೇಸರವಿಲ್ಲದೆ ಮಾಡಬಲ್ಲವು. ಮಠಗಳ, ಬಸವ ಸಮಿತಿಗಳ, ಸಮಾಜದ ಛತ್ರಗಳ ಹಿರಿಯರು ತಮ್ಮ ಬಡಾವಣೆಯಲ್ಲಿ ಇಂಥ ಮಗುವಿದ್ದರೆ ಅದನ್ನು ಕರೆದು ಒಂದು ಕಾಯಕ ಕೊಡಲಿ. ಅನುಕಂಪದ ಮಾತಿಗಿಂತ ಅದು ಆ ತಾಯಿಗೆ ಹೆಚ್ಚು ನೆಮ್ಮದಿ ತಂದೀತು.

ಇನ್ನೊಂದು ಚಿಕ್ಕ ಕೆಲಸ ಪ್ರತಿ ಮನೆಯವರೂ ಮಾಡಬಹುದು. ಹಬ್ಬಕ್ಕೆ ಎಲ್ಲರೂ ಸೇರಿದಾಗ ಒಂದು ಕಾಗದದ ಮೇಲೆ ಮೂರು ತಲೆಮಾರಿನ ವಿವರವನ್ನು ಬರೆಯಿರಿ. ಹೆಣ್ಣುಮಕ್ಕಳ ಹೆಸರನ್ನೂ ಅವರ ಮಕ್ಕಳ ಹೆಸರನ್ನೂ ಬಿಡಬೇಡಿ. ಯಾರಿಗೆ ಮಾತು ತಡವಾಯಿತು, ಯಾರು ಶಾಲೆ ಬಿಟ್ಟರು, ಯಾರಿಗೆ 40ಕ್ಕೆ ಮುಂಚೆ ಮುಟ್ಟು ನಿಂತಿತು, ಮುಪ್ಪಿನಲ್ಲಿ ಯಾರ ಕೈ ನಡುಗಿತು ಎಂದು ಪಕ್ಕದಲ್ಲಿ ಗುರುತಿಸಿ. ವೈದ್ಯರ ಬಳಿ ಹೋಗುವಾಗ ಆ ಕಾಗದ ಜೊತೆಯಲ್ಲಿರಲಿ. ಎಷ್ಟೋ ವರ್ಷ ಮೂರು ಊರುಗಳಲ್ಲಿ ಚದುರಿಹೋಗಿದ್ದ ಸಂಗತಿಗಳು ಅದರಲ್ಲಿ ಒಂದೆಡೆ ಕೂಡಿ ಬರುತ್ತವೆ. ಮಂಡ್ಯದ ಆ ತಾಯಿಗೆ ಮಗನ ಸ್ಥಿತಿಯ ಹೆಸರು ತಿಳಿಯುತ್ತದೆ. ತುಮಕೂರಿನ ತಂಗಿಗೆ ತನ್ನ ಕೊರಗಿನ ಕಾರಣ ತಿಳಿಯುತ್ತದೆ. ತಾತನ ನಡುಕಕ್ಕೆ ತಕ್ಕ ಆರೈಕೆ ದೊರೆಯುತ್ತದೆ. ಮೂವರಲ್ಲಿ ಯಾರೂ ತಪ್ಪು ಮಾಡಿದವರಲ್ಲವೆಂಬುದು ಮನೆಯವರೆಲ್ಲರಿಗೂ ಮನದಟ್ಟಾಗಲಿ ಎಂಬುದೇ ನಮ್ಮ ಹಾರೈಕೆ.